ಫಕ್ಕೀರಸಾಬನ ಹೂಂ

ಹೊಳೆಯ ನೀರು ಬೊಗಸೆಯಲ್ಲಿ ಹಿಡಿದು ಹೇಳುತ್ತೇನೆ, ಇದು ಮೇಡ್ಲೇರಿಯಲ್ಲಿ ಖರೇ ನಡೆದದ್ದು. ಸುಳ್ಳಾದರೆ ಬ್ಯಾಡಗಿ ಮೆಣಸಿನಕಾಯಿ ಇವತ್ತಿನಿಂದ ಬೆಳ್ಳಗಾಗಲಿ.

ಗೋವಿನಜೋಳಕ್ಕೆ ಹಂದಿ ಬಿದ್ದಿದ್ದವು. ಸಂಜೆ ಗಿರಿಯಪ್ಪ ಅಪ್ಪನ ಕಾಲದ ಲೈಸೆನ್ಸ್ ಬಂದೂಕನ್ನು ಹೊಲದ ಮನೆಯ ಕಟ್ಟೆಗೆ ಆನಿಸಿ, ನಳಿಗೆಗೆ ಮದ್ದು ತುಂಬುತ್ತ ಕೂತ. ಕಥೆ ಹೇಳದಿದ್ದರೆ ಅವನಿಗೆ ಕೈ ಓಡದು. ಕೇಳಲು ಗೆಳೆಯ ಫಕ್ಕೀರಸಾಬ ಇದ್ದ. ಗಿರಿಯಪ್ಪನ ಹೆಂಡತಿ ಮುದುಕವ್ವ ಮದ್ದಿರುವ ಕಡೆ ಬೆಂಕಿ ಬೇಡವೆಂದು ಫಕ್ಕೀರಸಾಬನ ಬೀಡಿಯನ್ನು ದಾರಿಯಲ್ಲೇ ಆರಿಸಿದ್ದಳು. ಅದಕ್ಕೆ ಬಾಯಿ ತುಂಬ ಎಲೆ-ಅಡಿಕೆ ಜಡಿದುಕೊಂಡಿದ್ದ ಅವನಿಂದ ಹೂಂ ಬಿಟ್ಟರೆ ಬೇರೆ ಮಾತು ಹೊರಡುತ್ತಿರಲಿಲ್ಲ.

“ನಮ್ಮಪ್ಪ ಇದನ್ನ ಹಾರಿಸಿದ್ರ ರಾಣೆಬೆನ್ನೂರ ಟೇಶನ್ನಿನ್ಯಾಗ ರೈಲ ನಿಂದ್ರತಿತ್ತೋ! ಟಾಯರ ಒಡೀತಂತ ಡ್ರೈವರ ಇಳದ ನೋಡತಿದ್ದ.”

“ಹೂಂ.”

“ಮದ್ದ ಹಾಕ್ಲ್ಯಾ?”

“ಹೂಂ.”

“ಕಾಗಿನೆಲಿಗೆ ಬಂದ ಮಂದಿ ಗುಡುಗಂತ ತಿಳದ ಛತ್ರಿ ಬಿಚ್ಚತಿದ್ರು... ಮದ್ದ ಇನ್ನಾ ಹಾಕಿಲ್ಲಲ್ಲ?”

“ಹೂಂ.”

ಕಥೆ ಬೆಳೆದಂತೆ ಹೂಂ ಬಂತು, ಹೂಂ ಬಂದಂತೆ ಮದ್ದು ಬಿತ್ತು. ಕೊನೆಗೆ ಜೋಳದೊಳಗೆ ಹಂದಿ ಗುಟುರು ಹಾಕಿತು. ಗಿರಿಯಪ್ಪ ಮದ್ದಿಗೆ ಕಿಡಿ ಕೊಡುವ ಕೇಪನ್ನು ಬಂದೂಕಿಗೆ ಏರಿಸಿ, ಮೀಸೆ ತಿರುವಿ ಎದ್ದ. ಎದುರಿಗೆ ಮುದುಕವ್ವ ನಿಂತಿದ್ದಳು.

“ಎಷ್ಟ ಸಲ ತುಂಬೀರಿ?”

“ಒಂದ ಸಲ. ಬೇಕಾರ ಫಕ್ಕೀರನ್ನ ಕೇಳು.”

“ಒಂದ ಸಲಾನ ಏನ, ಫಕ್ಕೀರಣ್ಣಾ?”

“ಹೂಂ.”

“ಎರಡ ಸಲಾನ?”

“ಹೂಂ.”

“ನಿನ್ನ ತೆಲಿಮ್ಯಾಲ ಕೋಡ ಬಂದಾವನ?”

“ಹೂಂ” ಎಂದ ಫಕ್ಕೀರಸಾಬ, ಆಮೇಲೆ ತಲೆ ಮುಟ್ಟಿ ನೋಡಿಕೊಂಡ.

ಮುದುಕವ್ವ ಮೊದಲು ಕೇಪು ತೆಗೆಸಿದಳು. ಆಮೇಲೆ ಮದ್ದು ಜಡಿಯುವ ಕಬ್ಬಿಣದ ಕಡ್ಡಿಯನ್ನು ಕೈಗೆ ತೆಗೆದುಕೊಂಡಳು. ಒಂದು ಸಲ ತುಂಬಿದ ನಳಿಗೆಯಲ್ಲಿ ಅದು ಎಲ್ಲಿಯತನಕ ಇಳಿಯಬೇಕೋ ಅಲ್ಲಿಗೆ ಗಂಡನ ಹಳೆಯ ಉಡದಾರ ಕಟ್ಟಿಟ್ಟಿದ್ದಳು. ಮೆಲ್ಲಗೆ ಇಳಿಬಿಟ್ಟಳು. ಉಡದಾರ ನಳಿಗೆಯ ಬಾಯಿಗಿಂತ ಒಂದು ಗೇಣು ಮೇಲೆಯೇ ನಿಂತಿತು.

“ಹಾರಿಸಿದ್ರ ನಳಿಗಿ ಸಿಡದು ಹಂದಿ ಉಳೀತಿತ್ತು, ನನ್ನ ಕುಂಕುಮ ಹೋಗತಿತ್ತು.”

ಗಿರಿಯಪ್ಪನ ಮೀಸೆ ಯಾರೂ ಮುಟ್ಟದೆ ಕೆಳಗಿಳಿಯಿತು.

ಮುದುಕವ್ವ ನಳಿಗೆಗೆ ಕೊಡಗಟ್ಟಲೆ ನೀರು ಸುರಿದಳು. ಹೊರಬಂದ ಕರಿನೀರು ಹೊಲದ ಬದುವಿನುದ್ದ ಹರಿಯಿತು. ಅದರ ನಾತಕ್ಕೆ ಹಂದಿಗಳು ಎದ್ದೆವೋ ಬಿದ್ದೆವೋ ಎಂದು ಹಾವೇರಿ ದಾಟಿ ಓಡಿದವು. ಇವತ್ತಿಗೂ ಆ ಬದುವಿಗೆ ಮೂತಿ ಹಚ್ಚುವುದಿಲ್ಲ.

ಈಗ ಗಿರಿಯಪ್ಪ ಚಾದಂಗಡಿಯಲ್ಲಿ ಎದೆಯುಬ್ಬಿಸಿ ಹೇಳುತ್ತಾನೆ: “ಗುಂಡ ಹಾರಿಸಿ ಹಂದಿ ಓಡಿಸೋರು ಭಾಳ ಮಂದಿ ಅದಾರ. ಹಾರಿಸದ ಓಡಿಸಿದಾಕಿ ನನ್ನ ಹೇಣ್ತಿ ಒಬ್ಬಾಕಿನ!” ಚಾದಂಗಡಿಯಲ್ಲಿ ಬಾಯಿ ಎಷ್ಟಾದರೂ ಓಡಲಿ, ಬಂದೂಕು ತುಂಬಲು ಕೂತರೆ ಮಾತ್ರ ಮುದುಕವ್ವ ಅವನ ಬಾಯಿಗೂ ಎಲೆ-ಅಡಿಕೆ ಜಡಿಯುತ್ತಾಳೆ.

ಕೇಳಿದಿರಲ್ಲ? ಇನ್ನು ನಿಮ್ಮ ಸರದಿ. ನಾನು ಇದರಲ್ಲಿ ಎಷ್ಟು ಮದ್ದು ಹೆಚ್ಚಿಗೆ ತುಂಬಿದೆ, ಉಡದಾರ ಕಟ್ಟಿ ಅಳೆದು ಹೇಳಿ. ಆಗದಿದ್ದರೆ ಬಿಸಿ ಮಿರ್ಚಿ-ಮಂಡಕ್ಕಿ ತರಿಸಿ. ತರಿಸ್ತೀರಿಲ್ಲೋ? ಹೂಂ ಅನ್ರಿ ಮತ್ತ!