ಹೊರುವ ಮುನ್ನ ಒಂದು ರಿಹರ್ಸಲ್

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಮೆಟ್ಟಿಲಿಲ್ಲ. ಗಾದೆ ಕೆಡಿಸಿದಿರಿ ಎಂದು ಮುನಿಯಬೇಡಿ. ಕೆಡಿಸಿದ್ದು ಬೊರಿವಲಿಯ ಒಂದು ಕನ್ನಡ ಸಂಘ. ಆಣೆ ಇಟ್ಟು ಹೇಳುವಷ್ಟು ನಿಜ, ಕೇಳಿ.

ಫೋರ್ಟ್ ಪ್ರದೇಶದ ಬ್ಯಾಂಕಿನಲ್ಲಿ ಕೆಲಸ ಮಾಡುವ ಸಾಧನಾ ಗಾಲಿಕುರ್ಚಿಯಲ್ಲಿ ಕೂತು, ತಾನೇ ಚಕ್ರ ತಳ್ಳಿಕೊಂಡು ಸಂಘದ ಮೆಟ್ಟಿಲ ಬುಡಕ್ಕೆ ಬಂದಳು. ಅಂದಿನ ಮುಖ್ಯ ಭಾಷಣ ಅವಳದೇ. ಸಭೆ ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕಾರ್ಯದರ್ಶಿ ಶಾಮಣ್ಣ ಬೆವರೊರೆಸುತ್ತ ಓಡಿ ಬಂದರು.

“ಬನ್ನಿ ಮೇಡಂ! ಬ್ಯಾನರ್ ಬರೆಸೋದರಲ್ಲೇ ಸುಸ್ತಾಯ್ತು. ಅಂಗವಿಕಲ ಅಂತಿತ್ತು, ತೆಗೆಸಿದೆ. ವಿಕಲಚೇತನ ಹಾಕಿಸಿದೆ, ಮನಸ್ಸು ಒಪ್ಪಲಿಲ್ಲ. ಈಗ ವಿಶೇಷಚೇತನ. ನಿಮಗೆ ಬೇಜಾರಿಲ್ಲ ತಾನೆ?”

“ಸಾಧನಾ ಅಂದ್ರೂ ಓಗೊಡ್ತೀನಿ ಸಾರ್. ಮೇಲಕ್ಕೆ ಹೇಗೆ ಬರ್ಲಿ?”

“ನಮ್ಮ ಊಟದ ಕಂಟ್ರಾಕ್ಟರ್ ಮೋನಪ್ಪನ ಅಡುಗೆಯವರಿದಾರಲ್ಲ, ಕುರ್ಚಿ ಸಮೇತ ಹೂವಿನ ಹಾಗೆ ಎತ್ಕೊಂಡು ಹೋಗ್ತಾರೆ!”

“ಅದು ಮಾತ್ರ ಬೇಡ. ಊಟದ ಜಾಗ ಕೆಳಗೇ ಇದೆಯಲ್ಲ, ಸಭೇನೂ ಅಲ್ಲೇ ಮಾಡೋಣ.”

“ಎಲ್ಲಾದರೂ ಉಂಟೇ! ಮೇಲೆ ಅಷ್ಟು ಅಲಂಕಾರ ಮಾಡಿದ್ದೀವಿ. ಅದರಲ್ಲಿ ಸಂಕೋಚ ಏನ್ ಬಂತು?” ಎನ್ನುತ್ತ ಶಾಮಣ್ಣ ಅಡುಗೆಯವರನ್ನು ಕರೆಯಲು ಹೋದರು.

ಹೋದ ವರ್ಷ ದಹಿಸರ್‌ನ ಸಭೆಯಲ್ಲಿ ಸಾಧನಾಳನ್ನು ಹೀಗೇ ಹೊತ್ತಿದ್ದರು. ಅವಳು ಆಡಿದ ಒಂದು ಮಾತೂ ಯಾರಿಗೂ ನೆನಪಿಲ್ಲ. ಹೊತ್ತ ಫೋಟೋ ಮಾತ್ರ ವಾಟ್ಸಾಪಿನಲ್ಲಿ ಇನ್ನೂ ಸುತ್ತುತ್ತಿದೆ. ಈ ಸಲ ಮಾತು ಮುಟ್ಟಬೇಕು, ಫೋಟೋ ಅಲ್ಲ. ಗೇಟಿನ ಬಳಿ ಅವಳ ರಿಕ್ಷಾದವನು ಇನ್ನೂ ನಿಂತಿದ್ದ. ಅವನ ಮೊಬೈಲ್ ಇಸಕೊಂಡು, ಗಂಟಲು ಸರಿಮಾಡಿಕೊಂಡಳು. ಸಂಘದ ಅಧ್ಯಕ್ಷೆ ರಮಾಮಣಿಯವರು ಆಹ್ವಾನಿಸಲು ವಾರವಿಡೀ ಫೋನು ಮಾಡಿದ್ದರು. ಆ ಧ್ವನಿ ಅವಳ ನಾಲಗೆಯ ಮೇಲೇ ಕೂತಿತ್ತು. ಅದೇ ಧ್ವನಿಯಲ್ಲಿ ಶಾಮಣ್ಣನವರಿಗೆ ಫೋನು ಮಾಡಿದಳು.

“ಶಾಮಣ್ಣನೋರೇ, ನಾನ್ರೀ ರಮಾಮಣಿ. ಟ್ರೇನಲ್ಲಿದ್ದೀನಿ, ನನ್ನ ಫೋನ್ ಸತ್ತುಹೋಗಿದೆ, ಪಕ್ಕದವರದ್ದು ಇದು. ಗೊತ್ತಾಯ್ತಾ? ಅತಿಥಿಗಳನ್ನ ಹೊರೋದಕ್ಕೆ ಮುಂಚೆ ಒಂದು ರಿಹರ್ಸಲ್ ಆಗ್ಲಿ. ನೀವೇ ಕೂತ್ಕೊಳ್ಳಿ. ಹೆಚ್ಚುಕಮ್ಮಿ ಆದ್ರೆ ಸಂಘದ ಮರ್ಯಾದೆ ಪ್ರಶ್ನೆ, ಗೊತ್ತಾಯ್ತಾ?”

ಅಧ್ಯಕ್ಷೆಯ ಮಾತಿಗೆ ಶಾಮಣ್ಣ ಎಂದೂ ಎದುರಾಡಿದವರಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಮೋನಪ್ಪ ಕುರ್ಚಿಯ ಒಂದು ಕಾಲು ಹಿಡಿದ, ಅವನ ಮೂವರು ಅಡುಗೆಯವರು ಉಳಿದ ಮೂರು ಹಿಡಿದರು. ಸಾಂಬಾರಿನ ಹಂಡೆ ಎತ್ತಿ ಅಭ್ಯಾಸವಾದವರು, ಹಾಗೇ ಎತ್ತಿದರು. ಅರ್ಧ ಮೆಟ್ಟಿಲು ಏರುವಷ್ಟರಲ್ಲಿ ಕುರ್ಚಿ ಓರೆಯಾಯಿತು.

“ನಿಧಾನ! ಬಿದ್ದೆ! ಇಳಿಸ್ರೋ!”

“ಅಲ್ಲಾಡ್ಬೇಡಿ ಮಾರಾಯ್ರೇ,” ಎಂದ ಮೋನಪ್ಪ. ಇಳಿಸಲಿಲ್ಲ.

ಮೇಲಿನ ಮಹಡಿಯ ಹಿತೇಶ್ ಭಾಯಿ ಅದೇ ಹೊತ್ತಿಗೆ ಇಳಿದು ಬಂದರು. ಗೋಡೆಗೆ ಒತ್ತಿ ನಿಂತು, ಶಾಮಣ್ಣನವರ ತಲೆಯ ಮೇಲಿಂದ ಮೋನಪ್ಪನನ್ನು, ಇವರಿಗೇನಾಗಿದೆ, ಚಿಕ್ಕಂದಿನಿಂದಲೇ ಹೀಗಾ ಎಂದು ಕೇಳಿದರು: “ಅಂಕಲ್ ಕೋ ಕ್ಯಾ ಹುವಾ? ಬಚ್‌ಪನ್ ಸೇ ಐಸಾ ಹೈ ಕ್ಯಾ?”

“ನನ್ನನ್ನ ಕೇಳಯ್ಯಾ! ಮುಝೇ ಪೂಛೋ!” ಶಾಮಣ್ಣ ಕಿರುಚಿದರು.

“ಅರೇ ವಾಹ್, ಮಾತೆಲ್ಲ ಚೆನ್ನಾಗಿದೆ,” ಎನ್ನುವ ಅರ್ಥದಲ್ಲಿ ಹಿತೇಶ್ ಭಾಯಿ ಮೋನಪ್ಪನಿಗೇ ತಲೆಯಾಡಿಸಿ, ಶಾಮಣ್ಣನವರ ಭುಜ ತಟ್ಟಿ, ಒಂದು ಫೋಟೋ ತೆಗೆದುಕೊಂಡು ಹೋದರು.

ಮೆಟ್ಟಿಲ ಕೆಳಗಿನಿಂದ ರಮಾಮಣಿಯವರ ಧ್ವನಿ ಕೇಳಿಸಿತು: “ಶಾಮಣ್ಣನೋರೇ, ಈಗ ನಿಮ್ಮನ್ನ ಏನೂಂತ ಕರೀಬೇಕು?”

ಶಾಮಣ್ಣ ಕತ್ತು ಹೊರಳಿಸಿ ನೋಡಿದರು. ಕೆಳಗೆ ರಮಾಮಣಿ ಇರಲಿಲ್ಲ. ಸಾಧನಾ ಒಬ್ಬಳೇ ಇದ್ದಳು. ಫೋನು ಮಾಡಿದ್ದೂ ಅವಳೇ ಎಂದು ಶಾಮಣ್ಣನವರಿಗೆ ಹೊಳೆಯಿತು. ಆಮೇಲೆ ಹೊಟ್ಟೆಯ ಆಳದಿಂದ ನಗು ಉಕ್ಕಿತು. ಸಾಧನಾ ನಕ್ಕಳು, ಅಡುಗೆಯವರು ನಕ್ಕರು, ಎಲ್ಲರಿಗಿಂತ ಜೋರಾಗಿ ಶಾಮಣ್ಣನೇ ನಕ್ಕರು. “ಸಭೆ ಕೆಳಗೇ ಕಣ್ರಪ್ಪಾ! ಮೊದಲು ನನ್ನನ್ನ ಇಳಿಸಿ!” ಎನ್ನುತ್ತ ಮತ್ತೆ ನಕ್ಕರು.

“ನಗ್ಬೇಡಿ ಮಾರಾಯ್ರೇ,” ಮೋನಪ್ಪ ಏದುಸಿರು ಬಿಟ್ಟ. “ಪಾಪ ಅನ್ನಿಸಿಕೊಂಡು ಕೂತವರನ್ನು ಹೊರಬಹುದು. ನಗುವವರನ್ನು ಹೊರಲಿಕ್ಕೆ ಆಗುವುದಿಲ್ಲ.”