ದ್ವೀಪದಲ್ಲಿಟ್ಟ ಅಪ್ಪ

ನೆನಪುಗಳಲ್ಲೂ ಪಾಲು ಕೇಳಬಹುದೆಂಬ ಕಾನೂನು ಬಂದದ್ದೇ ತಡ, ಇಂದುಮತಿ ತೀರಿಹೋದ ಅಪ್ಪನ ನೆನಪುಗಳನ್ನೆಲ್ಲ ತಲೆಯಿಂದ ತೆಗೆಸಿ ದೂರದ ದ್ವೀಪವೊಂದರ ಟ್ರಸ್ಟಿಗೆ ಒಪ್ಪಿಸಿಬಿಟ್ಟಿದ್ದಳು. ತಮ್ಮ ಚನ್ನಬಸು ಪಾಲು ಕೇಳಿ ದಾವೆ ಹೂಡಿದರೂ ಹುಬ್ಬಳ್ಳಿ ಕೋರ್ಟಿನ ಕೈ ಅಲ್ಲಿಗೆ ಎಟಕುವಂತಿರಲಿಲ್ಲ. ಅವನಿಗೊಂದು ಚೂರೂ ಸಿಗಬಾರದೆಂಬ ಹಟಕ್ಕೆ, ತನ್ನ ಮನೆತನದ ಯಾರಿಗೂ ಕೊಡಕೂಡದೆಂದು ಷರತ್ತು ಬೇರೆ ಹಾಕಿಸಿದ್ದಳು.

ಕೊನೆಗೆ ಚನ್ನಬಸು ದ್ವೀಪದ ನ್ಯಾಯಾಲಯಕ್ಕೇ ಹೋಗಿದ್ದ; ಇವತ್ತು ಅಲ್ಲಿಂದ ತೀರ್ಪು ಬಂತು.

"ಗೆದ್ರಿ ಅಕ್ಕಾರ," ಎಂದರು ಅವಳ ವಕೀಲ ಮೆಣಸಿನಕಾಯಿ, ತಲೆ ಎತ್ತದೆ. "ಷರತ್ತು ಗಟ್ಟಿ ಐತಂತ. ಯಾರಿಗೂ ಕೊಡಂಗಿಲ್ಲ. ನಿಮಗೂ ಅಷ್ಟರೀ. ನೀವೂ ಅದ ಮನೆತನದವ್ರಲ್ಲೇನ್ರಿ?"

ಹೊರಗೆ ಕೋರ್ಟಿನ ಬೆಂಚಿನ ಮೇಲೆ ಚನ್ನಬಸು ಒಬ್ಬನೇ ಕುಳಿತಿದ್ದ. ದಾವೆ ಶುರುವಾದ ಮೇಲೆ ಮೊದಲ ಸಲ ಅವಳು ಹೋಗಿ ಅವನ ಪಕ್ಕ ಕುಳಿತಳು.

"ಬಸೂ, ಅಪ್ಪ ನನ್ನ ಏನಂತ ಕರೀತಿದ್ದನೋ? ಅಷ್ಟ ಹೇಳು, ಸಾಕು."

ಅವನು ಕೈಯಲ್ಲಿದ್ದ ತೀರ್ಪಿನ ಪ್ರತಿ ಮಡಚಿ ಜೇಬಿಗಿಟ್ಟ.

"ನೀ ಪಾಲು ಕೇಳ್ತಿ ಅಂತ ಹೆದರಿ ನನ್ನ ನೆನಪನ್ನೂ ಇನ್ನೊಂದು ದ್ವೀಪಕ್ಕ ಕಳಿಸಿದ್ದೆ ಅಕ್ಕಾ. ಹೊಳ್ಳಿ ಬರಲಿಲ್ಲ. ಅದಕ್ಕ ನಿನ್ನದರಾಗ ಪಾಲು ಕೇಳಿದ್ದೆ."