ಖಾಲಿ ತೊಟ್ಟಿಯ ಸವತಿ

"ಈ ತೊಟ್ಟಿ ಖಾಲಿ ಕಣೋ. ಸಂಜೆ ಇದಕ್ಕೆ ಬಣ್ಣದ ಮೀನು ಬಿಡ್ತೀನಿ," ಅಂದ ಅಣ್ಣ. ಕಡಲಜೀವಿಗಳ ಪ್ರದರ್ಶನಾಲಯ ಅವನದು. ತೊಟ್ಟಿಗಳನ್ನು ನೋಡಿಕೊಳ್ಳುವ ಕೆಲಸ ತಮ್ಮನದು.

ತಮ್ಮನ ಜೀವ ಬಾಯಿಗೆ ಬಂತು. "ಬೇಡ ಅಣ್ಣ! ಮೀನು ಬಾಯಿ ಹಾಕಿದರೆ ಚಿಂದಿಯಾಗುತ್ತೆ. ಬಲೆ ತಾಗಿದರೂ ಹರಿಯುತ್ತೆ ಅಂತ, ಜಾಡಿ ಹಿಡ್ಕೊಂಡು ಅದು ತಾನಾಗೇ ಒಳಗೆ ಬರೋವರೆಗೂ ಕಾದು ತಂದಿದ್ದೀನಿ."

"ಯಾವುದನ್ನೋ?"

"ಅದನ್ನೇ! ಅಲ್ಲಿ ನೋಡು, ಪಟ್ಟಿ ಥರ ಉದ್ದಕ್ಕೆ..."

ಅಣ್ಣ ಗಾಜಿಗೆ ಮೂಗು ಒತ್ತಿದ. ನೀರು. ನೀರಿನಾಚೆ ಗಾಜು, ಗಾಜಿನಾಚೆ ಬಿಳಿ ಗೋಡೆ. ಕೆಳಗಿನ ಫಲಕದಲ್ಲಿ ತಮ್ಮನ ಮುದ್ದಾದ ಅಕ್ಷರ: 'ಕುಟುಂಬ: ಸೆಸ್ಟಿಡೇ. ಪಟ್ಟಿಯಾಕಾರದ ಬಾಚಣಿಗೆ ಜೀವಿಗಳು (ಲೋಳೆಮೈ, ಅಂಚಿಗೆ ಬಾಚಣಿಗೆ ಹಲ್ಲಿನಂಥ ರೋಮಸಾಲು). ಹೆಸರಿನ ಮೂಲ: ಸೊಂಟಪಟ್ಟಿ ಎಂಬರ್ಥದ ಲ್ಯಾಟಿನ್ ಪದ.'

"ಹೆಸರೇನೋ ಭರ್ಜರಿಯಾಗಿದೆ. ಬರೀ ಹೆಸರು ನೋಡೋಕೆ ಜನ ಟಿಕೆಟ್ ತಗೋತಾರಾ?"

ತಮ್ಮ ಮತ್ತೆ ಮತ್ತೆ ನೀರಿನತ್ತಲೇ ಬೆರಳು ತೋರಿಸಿದ. ಹಗಲೆಲ್ಲ ಅದರ ಮುಂದೆಯೇ ಕೂತು ಕೂತು, ತನಗೆ ಕಾಣುವುದು ಲೋಕಕ್ಕೆಲ್ಲ ಕಾಣುತ್ತದೆ ಅಂದುಕೊಂಡಿದ್ದ ಪುಣ್ಯಾತ್ಮ. ಮನೆಗೆ ಹೋದರೂ ಅದರದೇ ಜಪ. ಊಟಕ್ಕೆ ಕೂತಾಗ ಹೆಂಡತಿಯೇ ಕೇಳುತ್ತಿದ್ದಳು, "ನನ್ನ ಸವತಿ ಕ್ಷೇಮವಾ?" ಅವನು ತಟ್ಟೆಯಿಂದ ತಲೆ ಎತ್ತದೆ ಅದರ ಕ್ಷೇಮಸಮಾಚಾರ ಶುರು ಮಾಡುತ್ತಿದ್ದ.

ಅಷ್ಟರಲ್ಲಿ ಹಿಂಬಾಗಿಲಿಂದ ಅವಳೇ ಬಂದಳು. ಚಳಿಗೆ ಉದ್ದನೆಯ ಕಪ್ಪು ಕೋಟು ತೊಟ್ಟಿದ್ದಳು. ತೊಟ್ಟಿಯ ಆಚೆಬದಿ, ಬಿಳಿ ಗೋಡೆಗೆ ಅಡ್ಡವಾಗಿ ನಿಂತು ಡಬ್ಬಿ ಎತ್ತಿ ತೋರಿಸಿದಳು. "ಊಟ ಮರೆತು ಬಂದಿದ್ದೀರಲ್ಲ! ಎಲ್ಲಿ ಆ ಮಹಾರಾಣಿ? ಇವತ್ತು ನೋಡೇ ಬಿಡೋಣ."

"ಅಲ್ಲಾಡಬೇಡಮ್ಮಾ!" ಕೂಗಿದ್ದು ಅಣ್ಣ.

ಕಪ್ಪು ಕೋಟಿನ ಎದುರಿಗೆ, ಸರಿಯಾಗಿ ಅವಳ ಸೊಂಟದ ಮಟ್ಟಕ್ಕೆ, ಗಾಜಿನಂಥ ಪಟ್ಟಿಯೊಂದು ತೇಲುತ್ತಿತ್ತು. ಅದರ ಅಂಚಿನುದ್ದಕ್ಕೂ ಕೆಂಪು, ಹಸಿರು, ನೀಲಿ ಮಿಂಚು ಹರಿದಾಡುತ್ತಿತ್ತು. ಅಣ್ಣ ತೆರೆದ ಬಾಯಿ ಮುಚ್ಚಲಿಲ್ಲ.

"ಮೀನು ಬೇರೆ ಕಡೆ ಬಿಟ್ಟರಾಯ್ತು. ಹಿಂದೆ ಒಂದು ಕಪ್ಪು ಪರದೆ ಕಟ್ಟೋದು ಬಿಟ್ಟು ಇಷ್ಟು ದಿನ ಏನು ಮಾಡ್ತಿದ್ದೆಯೋ, ಪೆದ್ದ!" ಎನ್ನುತ್ತ ಬಟ್ಟೆ ತರಲು ತಾನೇ ಓಡಿದ.

ಅವಳು ಬಗ್ಗಿ ಪಟ್ಟಿಯನ್ನು ಕಣ್ತುಂಬ ನೋಡಿದಳು. "ಪರವಾಗಿಲ್ಲ, ಲಕ್ಷಣವಾಗೇ ಇದ್ದಾಳೆ," ಎಂದು ನಕ್ಕಳು. ಮಿಂಚಿನ ಬಣ್ಣ ಅವಳ ಕೆನ್ನೆಯ ಮೇಲೂ ಆಡಿದಂತಿತ್ತು. ಗಂಡ ಅವಳ ಮುಖವನ್ನೇ ನೋಡುತ್ತ ನಿಂತ.

ಪಟ್ಟಿ ಮೆಲ್ಲಗೆ ಬಳುಕುತ್ತ ತೊಟ್ಟಿಯ ಮೂಲೆಗೆ ಸರಿಯಿತು.

"ರೀ, ಅದು ಆ ಕಡೆ ಹೋಯ್ತು," ಎಂದು ಅವಳು ಬೆರಳು ತೋರಿಸಿದಳು.

ಅವನು ಕತ್ತು ತಿರುಗಿಸಲಿಲ್ಲ.